ತಲೆದಿಂಬು ಕೊಳ್ಳುವ ಮೊದಲು: ಕರಾವಳಿ ಮತ್ತು ಘಟ್ಟದ ಮೇಲಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ದಿಂಬು ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಮಾಡುವ ಕೆಲಸ ಅದನ್ನು ಕೈಯಲ್ಲಿ ಹಿಸುಕಿ ನೋಡುವುದು. ಮೆತ್ತಗಿದ್ದರೆ ಒಳ್ಳೆಯದು, ಉಬ್ಬಿಕೊಂಡಿದ್ದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕ. ಆದರೆ ರಾತ್ರಿಯಿಡೀ ಅದರ ಮೇಲೆ ಇರುವುದು ನಾಲ್ಕೈದು ಕಿಲೋ ತೂಗುವ ತಲೆ. ಕೈಗೆ ಹಿತವಾದದ್ದು ಕತ್ತಿಗೆ ಹಿತವಾಗಬೇಕೆಂದೇನಿಲ್ಲ. ಕಾರವಾರದ ಭಾನುವಾರದ ಸಂತೆಯಲ್ಲಿ ಕೊಳ್ಳಿ, ಶಿರಸಿಯ ಶೋರೂಮಿನಲ್ಲಿ ಕೊಳ್ಳಿ, ಮೊಬೈಲಿನಲ್ಲಿ ತರಿಸಿಕೊಳ್ಳಿ, ಅದಕ್ಕೂ ಮೊದಲು ನಿಮ್ಮದೇ ಹಾಸಿಗೆಯ ಮೇಲೆ ಒಂದು ಅಳತೆ ತೆಗೆದುಕೊಳ್ಳಬೇಕು. ಆ ಅಳತೆ ಕೈಯಲ್ಲಿದ್ದರೆ ದುಡ್ಡು ಹಾಳಾಗುವುದು ಕಡಿಮೆ. ಆಮೇಲೆ ಬರುವ ಪ್ರಶ್ನೆ ಒಳಗೆ ಏನು ತುಂಬಿದ್ದಾರೆ ಎನ್ನುವುದು. ಅದನ್ನು ತೀರ್ಮಾನಿಸಬೇಕಾದದ್ದು ಜಾಹೀರಾತಲ್ಲ, ನಮ್ಮ ಮಳೆಗಾಲ.

ದಿಂಬು ತುಂಬಬೇಕಾದ ಜಾಗ

ನೆಟ್ಟಗೆ ನಿಂತಾಗ ಕತ್ತಿನ ಎಲುಬುಗಳು ಸಣ್ಣದೊಂದು ಬಾಗಿನಲ್ಲಿ ತಲೆಯನ್ನು ಹೊತ್ತಿರುತ್ತವೆ. ಮಲಗಿದಾಗಲೂ ಆ ಬಾಗು ಹಾಗೆಯೇ ಉಳಿಯಬೇಕು. ಅಂಗಾತ ಮಲಗಿದರೆ ಕತ್ತಿನ ಹಿಂದೆ ಸಣ್ಣ ಖಾಲಿ ಜಾಗ ಉಳಿಯುತ್ತದೆ. ಮಗ್ಗುಲಾದರೆ ಕಿವಿಗೂ ಹಾಸಿಗೆಗೂ ನಡುವೆ ಹೆಗಲಿನಷ್ಟು ಅಗಲದ ದೊಡ್ಡ ಖಾಲಿ ಜಾಗ. ದಿಂಬಿನ ಕೆಲಸ ಈ ಜಾಗವನ್ನು ತುಂಬುವುದು, ಓಲಾಡುವ ಮೇಜಿನ ಕಾಲಿಗೆ ಸರಿಯಾದ ದಪ್ಪದ ಚಕ್ಕೆ ಕೊಟ್ಟ ಹಾಗೆ. ಹೆಚ್ಚಾದರೂ ತೊಂದರೆ, ಕಡಿಮೆಯಾದರೂ ತೊಂದರೆ.

ಆ ಜಾಗ ಎಷ್ಟು ದೊಡ್ಡದು ಎಂಬುದನ್ನು ಮೈಯಷ್ಟೇ ಹೇಳುವುದಿಲ್ಲ, ಕೆಳಗಿನ ಹಾಸಿಗೆಯೂ ಹೇಳುತ್ತದೆ. ಕೆಂಪು ಗಾರೆ ನೆಲದ ಮೇಲೆ ಚಾಪೆ, ಅದರ ಮೇಲೊಂದು ಕಂಬಳಿ ಹಾಸಿ ಮಲಗುವವರಿಗೆ ಹೆಗಲು ಕೆಳಗೆ ಇಳಿಯುವುದೇ ಇಲ್ಲ. ಆದ್ದರಿಂದ ಮಗ್ಗುಲಾದಾಗ ಎತ್ತರದ ದಿಂಬು ಬೇಕು. ಅದೇ ವ್ಯಕ್ತಿ ದಪ್ಪ ಫೋಮ್ ಹಾಸಿಗೆಗೆ ಬದಲಾದರೆ ಹೆಗಲು ಒಂದೆರಡು ಇಂಚು ಹೂತುಹೋಗುತ್ತದೆ, ಹಳೆಯ ದಿಂಬು ದಿಢೀರನೆ ಎತ್ತರವಾಗಿಬಿಡುತ್ತದೆ. ಹೊಸ ಹಾಸಿಗೆ ತಂದ ಮೇಲೆ ಕತ್ತು ನೋವು ಶುರುವಾಯಿತು ಎನ್ನುವವರು ಹಾಸಿಗೆಯನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ಹಳೆಯ ದಿಂಬಿನದು. ಹತ್ತಿಯ ಗಾದಿಯಲ್ಲಿ ಇನ್ನೊಂದು ತರಲೆ ಇದೆ. ವರ್ಷಗಟ್ಟಲೆ ಮಲಗಿ ಬೆನ್ನಿನ ಕೆಳಗೆ ಗುಂಡಿ ಬಿದ್ದಿರುತ್ತದೆ, ತಲೆಯ ಕಡೆ ಮಾತ್ರ ಎತ್ತರ ಹಾಗೇ ಇರುತ್ತದೆ. ಅಂಥ ಗಾದಿಗೆ ದಿಂಬು ಆರಿಸುವ ಮೊದಲು ಗಾದಿಯನ್ನು ತಿರುವಿ ಹಾಕಿ, ಇಲ್ಲವೇ ಹಿಂಜಿಸಿ.

ಮೊದಲ ಹೆಜ್ಜೆ: ಹೇಗೆ ಮಲಗುತ್ತೀರಿ?

ಕೇಳಿದರೆ ಎಲ್ಲರೂ ತಾವು ನಿದ್ದೆಗೆ ಜಾರುವ ಭಂಗಿಯನ್ನು ಹೇಳುತ್ತಾರೆ. ಮುಖ್ಯವಾದದ್ದು ರಾತ್ರಿಯ ಬಹುಪಾಲು ಯಾವ ಭಂಗಿಯಲ್ಲಿ ಕಳೆಯುತ್ತೀರಿ ಎಂಬುದು. ನಾಲ್ಕೈದು ದಿನ ಬೆಳಗ್ಗೆ ಎಚ್ಚರವಾದ ಕೂಡಲೇ ಅಲುಗಾಡದೆ ಹೇಗಿದ್ದೀರಿ ನೋಡಿಕೊಳ್ಳಿ. ಪಕ್ಕದಲ್ಲಿ ಮಲಗುವವರನ್ನು ಕೇಳಿ, ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೈಯನ್ನು ದಿಂಬಿನ ಕೆಳಗೆ ತೂರಿಸಿಕೊಂಡು ಏಳುತ್ತಿದ್ದರೆ ಅದು ದಿಂಬು ಸಾಲುತ್ತಿಲ್ಲ ಎಂಬ ಸೂಚನೆಯಾಗಿರಬಹುದು. ದಿಂಬು ನೆಲದ ಮೇಲೆ ಬಿದ್ದಿದ್ದರೆ ಬಹುಶಃ ಅದು ಎತ್ತರ ಜಾಸ್ತಿ.

ತಲೆ ಇಟ್ಟು ಒತ್ತಿದ ಮೇಲೆ ಉಳಿಯುವ ಎತ್ತರದ ಅಂದಾಜು ಹೀಗೆ: ಮಗ್ಗುಲಾಗಿ ಮಲಗುವವರಿಗೆ 4ರಿಂದ 6 ಇಂಚು, ಅಂಗಾತ ಮಲಗುವವರಿಗೆ 3ರಿಂದ 5 ಇಂಚು, ಬೋರಲಾಗಿ ಮಲಗುವವರಿಗೆ 3 ಇಂಚಿಗಿಂತ ಕಡಿಮೆ, ಅಥವಾ ದಿಂಬೇ ಬೇಡ. ಇದು ಬರಿಯ ಅಂದಾಜು. ಹೆಗಲು ಅಗಲವಾದವರಿಗೂ ತೆಳ್ಳಗಿನ ಮೈಕಟ್ಟಿನವರಿಗೂ ನಡುವೆ ಎರಡು ಇಂಚಿನ ವ್ಯತ್ಯಾಸ ಸುಲಭವಾಗಿ ಬರುತ್ತದೆ, ಕತ್ತಿಗೆ ಎರಡು ಇಂಚು ಬಹಳ.

ಬೋರಲು ಮಲಗುವವರಿಗೆ ಒಂದು ಮಾತು. ಆ ಭಂಗಿಯಲ್ಲಿ ಉಸಿರಾಡಲು ಕತ್ತನ್ನು ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಿಕೊಂಡೇ ಇರಬೇಕು. ಎಂಥ ದಿಂಬು ಕೊಟ್ಟರೂ ಅದು ಸರಿಯಾಗದು. ಮಗ್ಗುಲಾಗಿ, ಎದೆಗೊಂದು ಉದ್ದನೆಯ ದಿಂಬು ಅಪ್ಪಿಕೊಂಡು ಮಲಗುವ ಅಭ್ಯಾಸ ಮಾಡಿಕೊಂಡರೆ ಬೋರಲು ಮಲಗಿದ ಸುಖವೂ ಸಿಗುತ್ತದೆ, ಕತ್ತೂ ಉಳಿಯುತ್ತದೆ.

ಎರಡನೆಯ ಹೆಜ್ಜೆ: ಚಾದರ ಮಡಚಿ ಅಳೆಯುವುದು

ಇದಕ್ಕೆ ಖರ್ಚಿಲ್ಲ, ಅರ್ಧ ಗಂಟೆ ಸಾಕು. ಬೇಕಾದದ್ದು ಹಳೆಯ ಚಾದರ ಒಂದೆರಡು, ನಾಲ್ಕಾರು ತೆಳು ಟವೆಲ್ಲು ಅಥವಾ ಪಂಚೆ, ಒಂದು ಸ್ಕೇಲು, ಫೋಟೊ ತೆಗೆಯಲು ಮನೆಯವರೊಬ್ಬರು. ಒಬ್ಬರೇ ಇದ್ದರೆ ಹಾಸಿಗೆಯ ಮಟ್ಟಕ್ಕೆ ಸ್ಟೂಲಿನ ಮೇಲೆ ಮೊಬೈಲು ನಿಲ್ಲಿಸಿ ಟೈಮರ್ ಹಾಕಿಕೊಳ್ಳಿ.

ದಿನಾ ಮಲಗುವ ಜಾಗದಲ್ಲೇ, ದಿನಾ ಮಲಗುವ ಹಾಸಿಗೆಯ ಮೇಲೇ ಮಲಗಿ. ಜಗಲಿಯ ಮೇಲೆ, ಸೋಫಾದ ಮೇಲೆ ತೆಗೆದ ಅಳತೆ ಕೆಲಸಕ್ಕೆ ಬಾರದು. ಚಾದರವನ್ನು ದಿಂಬಿನ ಗಾತ್ರಕ್ಕೆ ಮಡಚಿ ತಲೆಯ ಕೆಳಗಿಡಿ. ಹಾಸಿಗೆ ಮೆತ್ತಗಿನದಾಗಿದ್ದರೆ ಐದು ಹತ್ತು ನಿಮಿಷ ಸುಮ್ಮನೆ ಮಲಗಿ, ಮೈಭಾರಕ್ಕೆ ಅದು ಇಳಿಯಲಿ. ಹೆಗಲು ದಿಂಬಿನ ಮೇಲೆ ಬರಕೂಡದು. ದಿಂಬಿನ ಅಂಚು ಹೆಗಲಿಗೆ ತಾಗಿ ನಿಲ್ಲಬೇಕು, ತಲೆ ಮತ್ತು ಕತ್ತು ಮಾತ್ರ ಮೇಲಿರಬೇಕು. ನಮ್ಮಲ್ಲಿ ಅನೇಕರು ಅರ್ಧ ಬೆನ್ನನ್ನೂ ದಿಂಬಿನ ಮೇಲೆ ಏರಿಸಿಕೊಂಡು ಮಲಗುತ್ತಾರೆ, ಆಮೇಲೆ ಹೆಗಲು ನೋವೆನ್ನುತ್ತಾರೆ.

ಈಗ ಒಂದೊಂದೇ ಟವೆಲ್ಲನ್ನು ಮಡಚಿ ಚಾದರದ ಮೇಲೆ ಸೇರಿಸುತ್ತ, ಪ್ರತಿ ಸಲವೂ ಫೋಟೊ ತೆಗೆಸಿ. ಮಗ್ಗುಲಾಗಿ ಮಲಗಿದ್ದರೆ ಫೋಟೊ ಎದುರಿನಿಂದ, ಹಾಸಿಗೆಯ ಮಟ್ಟದಲ್ಲಿ ಬರಬೇಕು. ಮೂಗಿನ ತುದಿ, ಗಲ್ಲ, ಗಂಟಲ ಕುಳಿ, ಎದೆಯ ನಡುಗೆರೆ ಇವೆಲ್ಲ ಒಂದೇ ಗೆರೆಯಲ್ಲಿದ್ದು, ಆ ಗೆರೆ ಹಾಸಿಗೆಗೆ ಸಮಾನಾಂತರವಾಗಿದ್ದರೆ ಅಳತೆ ಸರಿ. ಮೂಗು ಹಾಸಿಗೆಯ ಕಡೆ ವಾಲಿದ್ದರೆ ಇನ್ನೊಂದು ಮಡಿಕೆ ಸೇರಿಸಿ, ಸೂರಿನ ಕಡೆ ಎದ್ದಿದ್ದರೆ ಒಂದನ್ನು ತೆಗೆಯಿರಿ. ಅಂಗಾತ ಮಲಗುವವರಿಗೆ ಫೋಟೊ ಪಕ್ಕದಿಂದ. ಹಣೆ ಮತ್ತು ಗಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕು. ಗಲ್ಲ ಎದೆಗೆ ಅಂಟಲು ಹೊರಟಿದ್ದರೆ ಎತ್ತರ ಜಾಸ್ತಿಯಾಯಿತು. ಗಲ್ಲ ಮೇಲಕ್ಕೆದ್ದು ಗಂಟಲು ಬಿಗಿದಿದ್ದರೆ ಕಡಿಮೆಯಾಯಿತು. ಅಂಗಾತ ಮಲಗುವವರು ಇನ್ನೂ ಒಂದು ನೋಡಬೇಕು: ತಲೆಯ ಎತ್ತರ ಸರಿಯಿದ್ದರೂ ಕತ್ತಿನ ಹಿಂದೆ ಕೈ ಸುಲಭವಾಗಿ ತೂರುತ್ತಿದ್ದರೆ, ಒಂದು ಸಣ್ಣ ಟವೆಲ್ಲನ್ನು ಸುರುಳಿ ಸುತ್ತಿ ಅಲ್ಲಿಡಿ. ಆಗ ಹಾಯೆನಿಸಿದರೆ ನಿಮಗೆ ಕತ್ತಿನ ಕಡೆ ಸ್ವಲ್ಪ ಎತ್ತರ, ತಲೆಯ ಕಡೆ ತಗ್ಗು ಇರುವ ದಿಂಬು ಹೊಂದುತ್ತದೆ. ಅಂಗಡಿಯವರು ಸರ್ವೈಕಲ್ ದಿಂಬು ಎಂದು ಕರೆಯುವುದು ಇದನ್ನೇ.

ಸರಿಯೆನಿಸಿದ ಮೇಲೆ ಏಳಬೇಡಿ. ತಲೆ ಮೇಲಿರುವಾಗಲೇ ಪಕ್ಕದಿಂದ ಸ್ಕೇಲು ಹಿಡಿದು ಚಾದರದ ಎತ್ತರ ಅಳೆಯಲು ಹೇಳಿ. ಬರೆದಿಟ್ಟುಕೊಳ್ಳಿ. ಅದೇ ನಿಮ್ಮ ಅಳತೆ.

ಗೋಡೆಗೆ ಹೆಗಲು ತಾಗಿಸಿ ನಿಂತು ಕಿವಿಗೂ ಗೋಡೆಗೂ ಇರುವ ಅಂತರ ಅಳೆಯುವ ಇನ್ನೊಂದು ದಾರಿಯೂ ಇದೆ. ಅವಸರಕ್ಕೆ ಅಡ್ಡಿಯಿಲ್ಲ, ಆದರೆ ಅದು ಯಾವಾಗಲೂ ಹೆಚ್ಚೇ ತೋರಿಸುತ್ತದೆ. ಮಲಗಿದಾಗ ಹೆಗಲು ಮುಂದಕ್ಕೆ ಹೊರಳಿ ಕುಗ್ಗುತ್ತದೆ, ನಿಂತಾಗ ಕುಗ್ಗುವುದಿಲ್ಲ. ನೆಲದ ಮೇಲೆ ಮಲಗುವವರಾದರೆ ಸುಮಾರು ಒಂದು ಇಂಚು, ಮೆತ್ತನೆಯ ಹಾಸಿಗೆಯವರಾದರೆ ಎರಡು ಇಂಚಿನವರೆಗೂ ಕಳೆಯಿರಿ.

ಗಂಡನಿಗೆ ತೆಗೆದ ಅಳತೆ ಹೆಂಡತಿಗೆ ಆಗುವುದಿಲ್ಲ. ಮದುವೆಗೆ ಉಡುಗೊರೆ ಬಂದ ಜೋಡಿ ದಿಂಬಿನಲ್ಲಿ ಒಂದಾದರೂ ತಪ್ಪು ಎತ್ತರದ್ದೆಂದೇ ನನ್ನ ಗುಮಾನಿ.

ಅಳತೆಯ ಲೆಕ್ಕ ಬದಲಾಗುವವರು

*ಬೆನ್ನು ಬಾಗಿದ ಹಿರಿಯರು.* ತೆಳು ದಿಂಬೇ ಒಳ್ಳೆಯದು, ದಿಂಬಿಲ್ಲದೆ ಮಲಗುವುದು ಇನ್ನೂ ಒಳ್ಳೆಯದು ಎಂಬ ಉಪದೇಶ ವಾಟ್ಸಾಪಿನಲ್ಲಿ ತಿರುಗುತ್ತಲೇ ಇರುತ್ತದೆ. ಅದನ್ನು ಓದಿ ಮೊಮ್ಮಗ ಅಮ್ಮಮ್ಮನ ದಿಂಬು ಎಳೆಯಲು ಹೋದರೆ "ತಮಾ, ಯನ್ನ ದಿಂಬು ಮುಟ್ಟಡ" ಎಂಬ ಉತ್ತರ ಬರುತ್ತದೆ. ಆ ಉತ್ತರವೇ ಸರಿ. ಮೇಲುಬೆನ್ನು ಗೂನಾದವರು ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ ನಿಂತರೆ ತಲೆಯ ಹಿಂಭಾಗ ಗೋಡೆಯಿಂದ ಎರಡು ಮೂರು ಇಂಚು, ಕೆಲವೊಮ್ಮೆ ಇನ್ನೂ ದೂರ ಉಳಿಯುತ್ತದೆ. ಅಂಗಾತ ಮಲಗಿದಾಗ ಅಷ್ಟೂ ಜಾಗವನ್ನು ದಿಂಬು ತುಂಬಬೇಕು. ಇಲ್ಲದಿದ್ದರೆ ಗಲ್ಲ ಮೇಲೆದ್ದು ಕತ್ತು ಹಿಂದಕ್ಕೆ ಮುರಿದ ಹಾಗಾಗುತ್ತದೆ, ನುಂಗಲೂ ಕಷ್ಟ. ಅಂಥವರಿಗೆ ಎರಡು ದಿಂಬು ಬೇಕಾದರೆ ಎರಡು ಕೊಡಿ.

*ಕೂಸುಗಳು.* ಒಂದು ವರ್ಷ ತುಂಬುವವರೆಗೆ ಮಲಗುವ ಮಗುವಿನ ಹತ್ತಿರ ಯಾವ ದಿಂಬೂ ಬೇಡ. ಸಾಸಿವೆ ದಿಂಬು, ರಾಗಿ ದಿಂಬು ಇಟ್ಟರೆ ತಲೆ ದುಂಡಗಾಗುತ್ತದೆ ಎಂದು ಬಾಣಂತಿ ಕೋಣೆಯಲ್ಲಿ ಒತ್ತಾಯ ಬರುತ್ತದೆ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ವಯಸ್ಸಿನ ಮಗುವಿಗೆ ಮೂಗಿಗೆ ಅಡ್ಡ ಬಂದದ್ದನ್ನು ತಳ್ಳಲು ಬಾರದು, ಉಸಿರು ಕಟ್ಟುವ ಅಪಾಯ ನಿಜವಾದದ್ದು. ಸಮತಟ್ಟಾದ ಗಟ್ಟಿ ಹಾಸಿಗೆ, ಅಂಗಾತ ಮಲಗಿಸುವುದು, ಅಷ್ಟೇ. ತಲೆಯ ಒಂದು ಪಕ್ಕ ಚಪ್ಪಟೆ ಎನಿಸಿದರೆ ಎಚ್ಚರವಿದ್ದಾಗ ಕಣ್ಣೆದುರಿಗೇ ಸ್ವಲ್ಪ ಹೊತ್ತು ಬೋರಲು ಆಡಿಸಿ, ಮಕ್ಕಳ ವೈದ್ಯರಿಗೆ ತೋರಿಸಿ. ಎರಡು ವರ್ಷದ ಮೇಲೆ ಮಗು ತಾನಾಗಿ ಕೇಳಿದರೆ ತೆಳುವಾದ, ಚಿಕ್ಕ ದಿಂಬು ಸಾಕು.

*ಬಸುರಿಯರು.* ಹೊಟ್ಟೆ ಬೆಳೆದ ಮೇಲೆ ಮಗ್ಗುಲಾಗಿ ಮಲಗುವುದೇ ಒಳ್ಳೆಯದು. ಇಲ್ಲಿ ತಲೆದಿಂಬಿಗಿಂತ ಉಳಿದ ದಿಂಬುಗಳಿಗೆ ಕೆಲಸ ಹೆಚ್ಚು: ಮಂಡಿಗಳ ನಡುವೆ ಒಂದು, ಹೊಟ್ಟೆಯ ಅಡಿಗೆ ತೆಳುವಾದ್ದೊಂದು, ಬೆನ್ನಿಗೆ ಆನಿಕೆಯಾಗಿ ಇನ್ನೊಂದು. ಅದಕ್ಕೆಂದು ಪೇಟೆಯಲ್ಲಿ ಸಿಗುವ ದೊಡ್ಡ ದಿಂಬು ಬೇಕಿದ್ದರೆ ತನ್ನಿ. ಹಳೆಯ ಮೂರು ದಿಂಬು ಅದೇ ಕೆಲಸ ಮಾಡುತ್ತವೆ.

*ಎದೆಯುರಿ, ಹುಳಿತೇಗು ಇರುವವರು* ದಿಂಬಿನ ಮೇಲೆ ದಿಂಬು ಪೇರಿಸುತ್ತಾರೆ. ಹಾಗೆ ಮಾಡಿದರೆ ತಲೆ ಮಾತ್ರ ಏಳುತ್ತದೆ, ಹೊಟ್ಟೆ ಮಡಿಚಿ ಒತ್ತಡ ಹೆಚ್ಚುತ್ತದೆ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಗಟ್ಟಿಯಾದ ಮರದ ತುಂಡು ಇಟ್ಟು ಆರೆಂಟು ಇಂಚು ಎತ್ತರಿಸುವುದು, ಇಲ್ಲವೇ ಸೊಂಟದಿಂದ ತಲೆವರೆಗೆ ಇಳಿಜಾರಾಗಿರುವ ತ್ರಿಕೋನದ ಫೋಮ್ ದಿಂಬು ಸರಿಯಾದ ದಾರಿ. ಎಡಮಗ್ಗುಲಾಗಿ ಮಲಗಿದರೆ ಇನ್ನೂ ಅನುಕೂಲ.

ಸೊಂಟ ನೋವಿನವರು ಅಂಗಾತ ಮಲಗಿದಾಗ ಮಂಡಿಯ ಕೆಳಗೆ, ಮಗ್ಗುಲಾದಾಗ ಮಂಡಿಗಳ ನಡುವೆ ಒಂದು ದಿಂಬು ಇಟ್ಟು ನೋಡಬೇಕು. ಸುಗ್ಗಿಯಲ್ಲಿ ಗಂಟೆಗಟ್ಟಲೆ ತಲೆ ಬಗ್ಗಿಸಿ ಅಡಿಕೆ ಸುಲಿಯುವ ಹೆಂಗಸರಿಗೆ, ದಿನವಿಡೀ ತಲೆ ಮೇಲೆತ್ತಿ ಕೊನೆ ಕೊಯ್ಯುವವರಿಗೆ, ದೇವಿಮನೆ ಘಟ್ಟದಲ್ಲಿ ದಿನಾ ಬೈಕು ಹತ್ತಿಸಿ ಇಳಿಸುವವರಿಗೆ ರಾತ್ರಿ ಕತ್ತು ಬಿಗಿಯುವುದು ದಿಂಬಿನಿಂದ ಬಂದದ್ದಲ್ಲ. ಸರಿಯಾದ ದಿಂಬು ಅದನ್ನು ಹೆಚ್ಚಿಸದಂತೆ ನೋಡಿಕೊಳ್ಳುತ್ತದೆ ಅಷ್ಟೇ, ಹಗಲಿನ ಕೆಲಸದ ಭಂಗಿಯನ್ನೂ ತಿದ್ದಬೇಕು. ಇನ್ನು ಕೈಗೆ ಜೋಮು, ಬೆರಳುಗಳ ಹಿಡಿತ ಸಡಿಲವಾಗುವುದು, ನಡಿಗೆ ತಪ್ಪುವುದು, ಮರದಿಂದ ಬಿದ್ದ ಮೇಲಿನ ಕತ್ತು ನೋವು, ಜ್ವರದ ಜತೆ ಕತ್ತು ಸೆಟೆಯುವುದು ಇದ್ದರೆ ದಿಂಬಿನ ಅಂಗಡಿಗಲ್ಲ, ಆಸ್ಪತ್ರೆಗೆ ಹೋಗಬೇಕು. ಜೋರು ಗೊರಕೆಯ ನಡುವೆ ಉಸಿರು ನಿಂತು ಮತ್ತೆ ಎಳೆದುಕೊಳ್ಳುವವರೂ ಅಷ್ಟೇ. ಗೊರಕೆ ನಿಲ್ಲಿಸುವ ದಿಂಬು ಎಂಬ ಜಾಹೀರಾತಿಗೆ ಮರುಳಾಗಿ ವೈದ್ಯರನ್ನು ಮುಂದೂಡಬಾರದು.

ಮೂರನೆಯ ಹೆಜ್ಜೆ: ಒಳಗೆ ಏನಿರಬೇಕು?

ದಿಂಬಿನ ಬಗ್ಗೆ ಪೇಟೆಯವರು ಬರೆದ ಸಲಹೆಗಳಲ್ಲಿ ಜುಲೈ ತಿಂಗಳು ಇರುವುದಿಲ್ಲ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಒಗೆದ ಬಟ್ಟೆಯೇ ಒಣಗುವುದಿಲ್ಲ, ದಿಂಬು ಒಣಗುತ್ತದೆಯೇ? ಒಳಗಿನ ಸಾಮಗ್ರಿ ಎಷ್ಟು ನೀರು ಹಿಡಿಯುತ್ತದೆ, ಹಿಡಿದ ಮೇಲೆ ಎಷ್ಟು ಬೇಗ ಬಿಡುತ್ತದೆ ಎನ್ನುವುದು ನಮಗೆ ಮೆದುವು-ಗಟ್ಟಿಯಷ್ಟೇ ಮುಖ್ಯ.

ಹತ್ತಿ ನಮ್ಮೆಲ್ಲರ ಹಳೆಯ ಪರಿಚಯ. ಗಟ್ಟಿಯಾಗಿ ನಿಲ್ಲುತ್ತದೆ, ಬೆವರು ಹೀರುತ್ತದೆ, ಸೆಖೆಯ ಏಪ್ರಿಲ್ ಮೇ ರಾತ್ರಿಗಳಲ್ಲಿ ಮುಖಕ್ಕೆ ಬಿಸಿ ಹೊಡೆಯುವುದಿಲ್ಲ. ಆದರೆ 65 ಶೇಕಡಾ ಆರ್ದ್ರತೆಯ ಸಾಧಾರಣ ಗಾಳಿಯಲ್ಲೇ ಹತ್ತಿ ತನ್ನ ತೂಕದ 7ರಿಂದ 8 ಶೇಕಡಾ ನೀರನ್ನು ಹಿಡಿದಿರುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಶ್ರಾವಣದ ಹೊತ್ತಿಗೆ ಮುಗ್ಗಲು ವಾಸನೆ ಬರುವುದು ಅದಕ್ಕೇ. ಪಾಲಿಯೆಸ್ಟರ್ ಫೈಬರ್ ಹಿಡಿಯುವುದು ಅರ್ಧ ಶೇಕಡಾಕ್ಕಿಂತಲೂ ಕಡಿಮೆ. ಹತ್ತಿಯ ದಿಂಬು ದಿನ ಕಳೆದಂತೆ ಗಂಟು ಕಟ್ಟಿ ಕಲ್ಲಾಗುತ್ತದೆ ಎಂಬ ದೂರಿಗೆ ಮದ್ದು ಹಿಂಜಿಸುವುದು. ಹಿಂಜುವವರು ಬಿಲ್ಲು ಹೆಗಲಿಗೇರಿಸಿಕೊಂಡು ಊರೂರು ಸುತ್ತುವುದು ಈಗ ಅಪರೂಪ. ಪೇಟೆಯಲ್ಲಿ ಗಾದಿ ಮಾಡುವ ಅಂಗಡಿಗಳಲ್ಲಿ ಯಂತ್ರದಲ್ಲಿ ಹಿಂಜಿ ಕೊಡುತ್ತಾರೆ.

ಬೂರುಗದ ಹತ್ತಿಯ ಬಗ್ಗೆ ನನಗೆ ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ. ಬೆಟ್ಟದಲ್ಲಿ ಎಲೆ ಉದುರಿಸಿ ಕೆಂಪು ಹೂ ಬಿಟ್ಟು ನಿಲ್ಲುವ ಮುಳ್ಳುಕಾಂಡದ ಮರ, ಬೇಸಿಗೆಯಲ್ಲಿ ಕಾಯಿ ಒಡೆದು ಅಂಗಳದ ತುಂಬ ಅರಳೆ ಹಾರಿಸುತ್ತದೆ. ಇದರ ಎಳೆ ಒಳಗೆ ಟೊಳ್ಳು, ಹೊರಗೆ ತೆಳುವಾದ ಮೇಣದ ಪದರ. ಹಾಗಾಗಿ ಬಹಳ ಹಗುರ, ನೀರನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದೇ ಜಾತಿಯ ಎಳೆಯನ್ನು ಒಂದು ಕಾಲದಲ್ಲಿ ಹಡಗಿನವರ ಜೀವರಕ್ಷಕ ಜಾಕೆಟ್ಟಿಗೆ ತುಂಬುತ್ತಿದ್ದರು ಎಂದರೆ ನಮ್ಮ ಮಳೆಗೆ ಅದು ಯಾಕೆ ಸರಿ ಎಂದು ತಿಳಿಯುತ್ತದೆ. ತೊಂದರೆಗಳೂ ಇವೆ. ಎಳೆ ನುಣುಪು, ಪರಸ್ಪರ ಹಿಡಿದುಕೊಳ್ಳುವುದಿಲ್ಲ, ಆದ್ದರಿಂದ ತಲೆಯ ಭಾರಕ್ಕೆ ಬೇಗ ತಗ್ಗುತ್ತದೆ. ಬಿಗಿಯಾಗಿ ತುಂಬಬೇಕು, ದಿನಾ ಬೆಳಗ್ಗೆ ಕೊಡವಿ ತಟ್ಟಬೇಕು. ಒಗೆಯುವಂತಿಲ್ಲ. ಅಗಲ ಹೆಗಲಿನ, ಮಗ್ಗುಲಾಗಿ ಮಲಗುವ ಮನುಷ್ಯನಿಗೆ ಬರೀ ಬೂರುಗ ಸಾಲದು. ಅಂಗಾತ ಮಲಗುವವರಿಗೆ, ಹಗುರ ಮೈಯವರಿಗೆ ಇದಕ್ಕಿಂತ ಹಿತವಾದದ್ದು ನಾನು ಕಂಡಿಲ್ಲ.

ಫೈಬರ್ ದಿಂಬು, ಅಂದರೆ ಅಂಗಡಿಯವರು ರೆಕ್ರಾನ್ ಎನ್ನುವುದು, ಅಗ್ಗ, ಒಗೆಯಬಹುದು, ಮಳೆಗಾಲದಲ್ಲೂ ಫ್ಯಾನಿನ ಗಾಳಿಗೆ ಒಣಗುತ್ತದೆ. ಹೊಸದರಲ್ಲಿ ಏಳು ಇಂಚು ಉಬ್ಬಿಕೊಂಡು ಕಣ್ಣು ಸೆಳೆಯುತ್ತದೆ, ತಲೆ ಇಟ್ಟರೆ ಅರ್ಧಕ್ಕೆ ಇಳಿಯುತ್ತದೆ. ಒಂದೆರಡು ವರ್ಷದಲ್ಲಿ ಸತ್ತೇಹೋಗುತ್ತದೆ. ಬಾಡಿಗೆ ಮನೆಯ ಹುಡುಗರಿಗೆ, ನೆಂಟರು ಬಂದಾಗ ತೆಗೆಯುವ ದಿಂಬಿಗೆ ಇದೇ ಸಾಕು.

ಮೆಮೊರಿ ಫೋಮ್ 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ, ವಿಮಾನದ ಆಸನಕ್ಕೆಂದು ಹುಟ್ಟಿದ ಸಾಮಗ್ರಿ. ಬಿಸಿಗೆ ಮೆತ್ತಗಾಗಿ ತಲೆಯ ಆಕಾರಕ್ಕೆ ತಗ್ಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. ಈ ಗುಣ ನಮ್ಮ ಜಿಲ್ಲೆಯಲ್ಲಿ ಎರಡು ಥರ ಆಡುತ್ತದೆ: ಡಿಸೆಂಬರಿನ ಶಿರಸಿಯಲ್ಲಿ ಹಲಗೆಯಂತಿರುವ ದಿಂಬು ಮೇ ತಿಂಗಳ ಅಂಕೋಲೆಯಲ್ಲಿ ಮೆತ್ತಗಾಗಿ ತಲೆಯನ್ನು ಆಳಕ್ಕೆ ಎಳೆದುಕೊಳ್ಳುತ್ತದೆ. ಗಾಳಿಯಾಡುವುದು ಕಡಿಮೆ, ಬೆವರುವವರಿಗೆ ಹಿಂಸೆ. ಹಾಗಿದ್ದರೂ ಕತ್ತಿನ ಬಾಗಿಗೆ ತಕ್ಕ ಆಕಾರದಲ್ಲಿ ಸಿಗುವುದು ಇದರಲ್ಲೇ ಹೆಚ್ಚು. ಘಟ್ಟದ ಮೇಲಿನವರು, ಎಸಿ ಕೋಣೆಯವರು ಧಾರಾಳವಾಗಿ ಕೊಳ್ಳಬಹುದು. ಕರಾವಳಿಯಲ್ಲಿ ಎರಡು ಸಲ ಯೋಚಿಸಿ.

ರಬ್ಬರ್ ಹಾಲಿನಿಂದ ಮಾಡಿದ ಲೇಟೆಕ್ಸ್ ದಿಂಬು ದುಬಾರಿ. ಒತ್ತಿದ ಕೂಡಲೇ ಎದ್ದು ನಿಲ್ಲುತ್ತದೆ, ಸಣ್ಣ ತೂತುಗಳಿಂದ ಗಾಳಿಯಾಡುತ್ತದೆ, ಎತ್ತರ ವರ್ಷಗಟ್ಟಲೆ ಬದಲಾಗುವುದಿಲ್ಲ. ಮಗ್ಗುಲಾಗಿ ಮಲಗುವ, ಸೆಖೆಯ ಊರಿನವರಿಗೆ ಕೈಯಲ್ಲಿ ದುಡ್ಡಿದ್ದರೆ ನಾನು ಹೇಳುವುದು ಇದನ್ನೇ. ರಬ್ಬರ್ ಅಲರ್ಜಿ ಇರುವವರಿಗೆ ಬೇಡ.

ಮೆಮೊರಿ ಫೋಮಿಗೂ ಲೇಟೆಕ್ಸಿಗೂ ಒಬ್ಬ ಸಾಮಾನ್ಯ ಶತ್ರು ನಮ್ಮ ಮನೆಯಲ್ಲೇ ಇದ್ದಾನೆ: ತೆಂಗಿನೆಣ್ಣೆ. ದಿನಾ ತಲೆಗೆ ಎಣ್ಣೆ ಹಚ್ಚುವ ಊರಿದು. ಎಣ್ಣೆ ಇಳಿದರೆ ರಬ್ಬರ್ ಊದಿ ಮೆತ್ತಗಾಗಿ ಹಾಳಾಗುತ್ತದೆ, ಫೋಮ್ ಹಳದಿ ತಿರುಗಿ ಕಮಟು ವಾಸನೆ ಹಿಡಿಯುತ್ತದೆ. ಹೊರಗಿನ ಗವಸು ಸಾಲದು. ನೀರು, ಎಣ್ಣೆ ತಡೆಯುವ ಜಿಪ್ಪಿನ ಒಳಗವಸು ಒಂದು ಹಾಕಿ, ಅದರ ಮೇಲೆ ಹತ್ತಿಯ ಗವಸು. ಎಣ್ಣೆ ಹಚ್ಚಿದ ರಾತ್ರಿ ಮೇಲೊಂದು ಹಳೆಯ ಪಂಚೆಯ ತುಂಡು.

ನಾಲ್ಕನೆಯ ಹೆಜ್ಜೆ: ಕೊಳ್ಳುವುದೇ, ಹೊಲಿಸುವುದೇ?

ನಿಮ್ಮ ಅಳತೆ ಅಂಗಡಿಯ ಸಿದ್ಧ ದಿಂಬಿಗೆ ಹೊಂದದಿದ್ದರೆ ಗಾದಿ ಮಾಡುವವರಲ್ಲಿ ಹೊಲಿಸುವುದೇ ಜಾಣತನ. ಸಾಮಾನ್ಯ ಗವಸುಗಳು 17 ಇಂಚು ಅಗಲ, 27 ಇಂಚು ಉದ್ದದ ದಿಂಬಿಗೆ ಸಿಗುತ್ತವೆ, ಆ ಗಾತ್ರ ಬಿಡಬೇಡಿ. ಬದಲಾಗಬೇಕಾದದ್ದು ತುಂಬುವ ಪ್ರಮಾಣ. ಹೇಳಬೇಕಾದ ಮಾತು ಎರಡು. ಒಂದು ಪಕ್ಕಕ್ಕೆ ಜಿಪ್ ಇಡಿ ಎನ್ನಿ. ಸ್ವಲ್ಪ ಹೆಚ್ಚೇ ತುಂಬಿ ಕೊಡಿ ಎನ್ನಿ. ಮನೆಗೆ ತಂದು ಒಂದೊಂದು ಹಿಡಿ ತೆಗೆಯುತ್ತ ನಿಮ್ಮ ಎತ್ತರಕ್ಕೆ ತಂದುಕೊಳ್ಳಬಹುದು, ತೆಗೆದದ್ದನ್ನು ಚೀಲದಲ್ಲಿ ಕಟ್ಟಿಟ್ಟರೆ ವರ್ಷದ ಮೇಲೆ ದಿಂಬು ತಗ್ಗಿದಾಗ ಮತ್ತೆ ತುಂಬಲು ಬರುತ್ತದೆ. ಈ ಅನುಕೂಲ ಸಾವಿರಾರು ರೂಪಾಯಿಯ ದಿಂಬಿನಲ್ಲೂ ಎಷ್ಟೋ ಸಲ ಇರುವುದಿಲ್ಲ.

ಅಂಗಾತ, ಮಗ್ಗುಲು ಎರಡೂ ಮಲಗುವವರು ದಿಂಬನ್ನು ಮೂರು ಖಾನೆಯಾಗಿ ಹೊಲಿಸಬಹುದು: ನಡುವೆ ಕಡಿಮೆ ತುಂಬಿ, ಎರಡೂ ಬದಿಗೆ ಹೆಚ್ಚು. ಅಂಗಾತವಿದ್ದಾಗ ತಲೆ ತಗ್ಗಿನಲ್ಲಿ, ಹೊರಳಿದಾಗ ಎತ್ತರದಲ್ಲಿ.

ಬೂರುಗ ತುಂಬಿಸುವುದಾದರೆ ಬಟ್ಟೆಯ ನೇಯ್ಗೆ ಬಿಗಿಯಿರಬೇಕು. ಸಡಿಲ ಬಟ್ಟೆಯಿಂದ ಎಳೆ ಹೊರಬಂದು ಮೂಗಿಗೆ ಹತ್ತುತ್ತದೆ. ಮನೆಯ ಮರದ ಅರಳೆಯಾದರೆ ಬೀಜ ಪೂರ್ತಿ ಬಿಡಿಸಿ, ಬೀಜ ಉಳಿದರೆ ಇಲಿ, ಹುಳು ಹುಡುಕಿಕೊಂಡು ಬರುತ್ತವೆ. ಬಿಡಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಫ್ಯಾನು ಆರಿಸಿ. ದಮ್ಮು ಇರುವವರು ಆ ಕೋಣೆಗೆ ಬರದಿರುವುದೇ ಒಳ್ಳೆಯದು. ಬೂರುಗ ಬೇಗ ತಗ್ಗುವುದು ಇಷ್ಟವಾಗದಿದ್ದರೆ ನಡುವೆ ಹತ್ತಿ, ಸುತ್ತ ಬೂರುಗ ಹಾಕಿಸಿ. ಹತ್ತಿ ಎತ್ತರ ಹಿಡಿದಿಡುತ್ತದೆ, ಬೂರುಗ ಕಿವಿಗೆ ಮೆತ್ತಗಿರುತ್ತದೆ.

ಐದನೆಯ ಹೆಜ್ಜೆ: ಅಂಗಡಿಯಲ್ಲಿ

ಅಳತೆಯ ಚೀಟಿ, ಒಂದು ಟೇಪು, ತೊಳೆದ ಟವೆಲ್ಲು ಜತೆಗಿರಲಿ. "ಅಣ್ಣಾ, ಆ ಗಾದಿ ಮೇಲೆ ಇಟ್ಟು ಎರಡು ನಿಮಿಷ ಮಲಗಿ ನೋಡ್ತೇನೆ, ಟವೆಲ್ಲು ಹಾಸ್ಕೊಳ್ತೇನೆ" ಎಂದು ನಾಚಿಕೆಪಡದೆ ಕೇಳಿ. ಹೆಚ್ಚಿನವರು ಬೇಡ ಎನ್ನುವುದಿಲ್ಲ. ಹಾಸಿಗೆ ನಿಮ್ಮ ಮನೆಯದಕ್ಕೆ ಹೋಲುವ ಗಟ್ಟಿಯದಾಗಿರಲಿ. ಚಾಪೆಯ ಮೇಲೆ ಮಲಗುವವರು ಶೋರೂಮಿನ ಮೆತ್ತೆಯ ಮೇಲೆ ನೋಡಿದರೆ ಮೋಸಹೋಗುತ್ತಾರೆ. ಜತೆಗೆ ಬಂದವರು ತಲೆ ಇಟ್ಟ ಮೇಲಿನ ಎತ್ತರವನ್ನು ಟೇಪಿನಲ್ಲಿ ಅಳೆದು ಚೀಟಿಯ ಅಳತೆಗೆ ಹೋಲಿಸಲಿ. ಅರ್ಧ ಇಂಚು ಹೆಚ್ಚಿದ್ದರೆ ಪರವಾಗಿಲ್ಲ, ಫೈಬರೂ ಹತ್ತಿಯೂ ಕೆಲವು ವಾರಗಳಲ್ಲಿ ಸ್ವಲ್ಪ ತಗ್ಗಿಯೇ ತಗ್ಗುತ್ತವೆ. ಲೇಟೆಕ್ಸ್ ಆದರೆ ಅಳತೆ ಸರಿಯಾಗಿ ಕೂರಬೇಕು, ಅದು ತಗ್ಗುವುದನ್ನು ಕಾಯುತ್ತ ಕೂರಬೇಡಿ.

ಆನ್‌ಲೈನಿನಲ್ಲಿ ತರಿಸುವಾಗ ಚಿತ್ರಕ್ಕಿಂತ ಎತ್ತರದ ಅಂಕಿ ನೋಡಿ. ಬಿಚ್ಚಿದ ದಿಂಬನ್ನು ಶುಚಿತ್ವದ ಕಾರಣ ಹೇಳಿ ವಾಪಸು ತೆಗೆದುಕೊಳ್ಳದ ಮಾರಾಟಗಾರರು ಬಹಳ. ಮರಳಿಸುವ ಷರತ್ತು ಓದಿ, ಬಂದ ಮೇಲೆ ಪ್ಲಾಸ್ಟಿಕ್ ಹರಿಯದೆ ಅದರ ಮೇಲೆಯೇ ಒಮ್ಮೆ ಮಲಗಿ ಎತ್ತರ ನೋಡಿ. ಸರ್ವೈಕಲ್ ದಿಂಬು ಎಂದು ಬರೆದ ಮಾತ್ರಕ್ಕೆ ಅದು ಔಷಧವಾಗುವುದಿಲ್ಲ. ಅದರ ಎರಡು ಉಬ್ಬುಗಳ ಎತ್ತರ ಬೇರೆ ಬೇರೆಯಿರುತ್ತದೆ, ನಿಮ್ಮ ಅಳತೆಗೆ ಎರಡರಲ್ಲಿ ಒಂದಾದರೂ ಹತ್ತಿರವಿದ್ದರೆ ಮಾತ್ರ ತೆಗೆದುಕೊಳ್ಳಿ.

ಆರನೆಯ ಹೆಜ್ಜೆ: ಪರೀಕ್ಷೆಯ ದಿನಗಳು

ಹೊಸ ಫೋಮ್ ದಿಂಬಿನ ವಾಸನೆ ಹೋಗಲು ಎರಡು ಮೂರು ದಿನ ಗಾಳಿಯಾಡುವ ನೆರಳಿನಲ್ಲಿಡಿ. ಮೊದಲ ಕೆಲವು ರಾತ್ರಿ ಯಾವ ದಿಂಬೂ ಅಪರಿಚಿತವೇ. ಒಂದೆರಡು ವಾರ ಕೊಟ್ಟು ಮೇಲೆ ತೀರ್ಮಾನಿಸಿ. ಬೆಳಗ್ಗೆ ಎದ್ದಾಗ ಕತ್ತಿನ ಹಿಂದೆ, ತಲೆಬುಡದಲ್ಲಿ ನೋವಿದ್ದರೆ ಎತ್ತರ ಹೆಚ್ಚಾಗಿರಬಹುದು. ಕೆಳಗಿನ ಮಗ್ಗುಲಿನ ಹೆಗಲು ನೋಯುತ್ತಿದ್ದರೆ, ಕೈ ಜೋಮು ಹಿಡಿದರೆ ಕಡಿಮೆಯಾಗಿರಬಹುದು. ಕಡಿಮೆಯಾದದ್ದನ್ನು ಸರಿಪಡಿಸುವುದು ಸುಲಭ, ಮಡಚಿದ ಟವೆಲ್ಲನ್ನು ಗವಸಿನೊಳಗೆ ದಿಂಬಿನ ಅಡಿಗೆ ಇಟ್ಟರಾಯಿತು. ಹೆಚ್ಚಾದದ್ದನ್ನು ಜಿಪ್ ಇಲ್ಲದೆ ಸರಿಪಡಿಸಲಾಗದು, ಹಾಗಾಗಿ ಅನುಮಾನವಿದ್ದಾಗ ಸ್ವಲ್ಪ ಕಡಿಮೆ ಎತ್ತರದ್ದನ್ನೇ ಆರಿಸಿ. ನೋವು ಹಗಲಿಗೂ ಮುಂದುವರಿದು ಎರಡು ಮೂರು ವಾರವಾದರೂ ಬಿಡದಿದ್ದರೆ ಇನ್ನೊಂದು ದಿಂಬು ಹುಡುಕುವುದು ಬಿಟ್ಟು ಎಲುಬು-ಕೀಲು ವೈದ್ಯರಿಗೆ ತೋರಿಸಿ.

ಮಳೆಗಾಲ ದಾಟಿಸುವುದು, ಬೀಳ್ಕೊಡುವುದು

ಗವಸು ವಾರಕ್ಕೊಮ್ಮೆ ಬಿಸಿನೀರಿಗೆ ಹಾಕಬೇಕು. ದೂಳಿನ ನುಸಿಗಳು ತೇವದ ಗಾಳಿಯಲ್ಲೇ ಬೆಳೆಯುವುದು, ನಮ್ಮಲ್ಲಿ ಅವಕ್ಕೆ ವರ್ಷದಲ್ಲಿ ಹೆಚ್ಚು ಕಾಲ ಹಬ್ಬ. 60 ಡಿಗ್ರಿ ಬಿಸಿಯ ನೀರು ಅವನ್ನು ಕೊಲ್ಲುತ್ತದೆ. ಬಚ್ಚಲ ಹಂಡೆಯ ಕಾದ ನೀರು ಅದಕ್ಕೆ ಸಾಕು, ಕೈ ಸುಟ್ಟುಕೊಳ್ಳದಂತೆ ಕೋಲಿನಲ್ಲಿ ಅದ್ದಿ. ಬೆಳಗ್ಗೆದ್ದು ಹಾಸಿಗೆ ಸುತ್ತಿ ದಿಂಬನ್ನು ಅದರೊಳಗೆ ತುರುಕುವ ಅಭ್ಯಾಸವಿದ್ದರೆ ಮಳೆಗಾಲದಲ್ಲಾದರೂ ಬಿಡಿ. ರಾತ್ರಿಯ ಬೆವರು ಆರಲು ಒಂದು ಗಂಟೆ ತೆರೆದಿಡಬೇಕು.

ಹತ್ತಿ, ಬೂರುಗಕ್ಕೆ ಬಿಸಿಲು ಮದ್ದು. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು ಎರಡು ದಿನ ಅಂಗಳದಲ್ಲಿ ಕಾಯಿಸಿ, ಮಧ್ಯಾಹ್ನಕ್ಕೊಮ್ಮೆ ಮಗುಚಿ. ಆಷಾಢದಲ್ಲಿ ಹೊಳವಾದ ದಿನ ಅಡಿಕೆ, ಹಪ್ಪಳಗಳ ಜತೆ ದಿಂಬಿಗೂ ಜಾಗ ಕೊಡಿ. ಲೇಟೆಕ್ಸಿಗೂ ಫೋಮಿಗೂ ಅದೇ ಬಿಸಿಲು ವಿಷ, ಹಳದಿಯಾಗಿ ಪುಡಿಯುದುರುತ್ತವೆ. ಅವು ನೆರಳಿನಲ್ಲಿ, ಗಾಳಿಗೆ. ಅಡಿಕೆ ಡ್ರೈಯರಿನಲ್ಲಿ ಒಂದು ಮೂಲೆಗಿಟ್ಟು ಒಣಗಿಸುವ ಯೋಚನೆ ಮಳೆಗಾಲದಲ್ಲಿ ಯಾರಿಗಾದರೂ ಬರುತ್ತದೆ. ಫೋಮನ್ನು ಬೆಂಕಿಯ ಹತ್ತಿರ ಒಯ್ಯಲೇಬಾರದು, ಬೂರುಗವಂತೂ ಕಿಡಿ ತಾಗಿದರೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ಮುಚ್ಚಿದ ಕಪಾಟಿನಲ್ಲಿ ಹೆಚ್ಚುವರಿ ದಿಂಬುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದೂ ಬೇಡ. ಒಳಗಿನ ತೇವ ಹೊರಬರಲಾರದೆ ಬೂಸು ಹಿಡಿಯುತ್ತದೆ. ಕಪ್ಪು ಚುಕ್ಕೆಯ ಬೂಸು ಒಳಗಿನ ತುಂಬುಸಾಮಗ್ರಿಗೇ ಇಳಿದಿದ್ದರೆ ಉಳಿಸಿಕೊಳ್ಳುವ ಆಸೆ ಬಿಡಿ, ಅದರಲ್ಲೂ ದಮ್ಮು, ಸೀನಿನವರ ಮನೆಯಲ್ಲಿ.

ಫೈಬರ್ ದಿಂಬನ್ನು ಎರಡಾಗಿ ಮಡಚಿ ಕೈಬಿಡಿ. ತಾನಾಗಿ ಬಿಚ್ಚಿಕೊಳ್ಳದೆ ಮಡಚಿಯೇ ಉಳಿದರೆ ಅದರ ಆಯುಸ್ಸು ಮುಗಿದಿದೆ. ಅದನ್ನು ತೊಳೆದು ಮಂಡಿಯ ನಡುವಿನ ದಿಂಬಾಗಿ ಇನ್ನಷ್ಟು ದಿನ ದುಡಿಸಬಹುದು. ಹತ್ತಿಯನ್ನು ಹಿಂಜಿಸಿ ಹೊಸ ಬಟ್ಟೆಗೆ ತುಂಬಿ. ಹಾಳಾದ ಫೋಮನ್ನು ಮಾತ್ರ ಬಚ್ಚಲ ಒಲೆಗೆ ಹಾಕಬೇಡಿ. ಅದು ಉರಿದಾಗ ಏಳುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜತೆಗೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಪಂಚಾಯತಿಯ ಅಥವಾ ನಗರಸಭೆಯ ಒಣಕಸದ ಗಾಡಿ ಬಂದಾಗ ಬೇರೆ ಚೀಲದಲ್ಲಿ ಕೊಡಿ.